ಇದೊಂದು ಕೊಯ್ಲು ಮುಗಿಯಲಿ

ಜನವರಿ ೬, ಸೋಮವಾರ

ಸೋಮವಾರ ನಮ್ಮ ಅಂಗನವಾಡಿಯಲ್ಲಿ ಉಗುರು ನೋಡುವ ದಿನ. ಮಕ್ಕಳು ಸಾಲಾಗಿ ನಿಂತು ಕೈ ಚಾಚುತ್ತವೆ, ಮಣ್ಣಿದ್ದವರನ್ನು ನಾನು ನಲ್ಲಿಗೆ ಕಳಿಸುತ್ತೇನೆ. ಇಷ್ಟು ವರ್ಷದಿಂದ ಸವಣೂರಿನ ಅರ್ಧ ಓಣಿಯ ಉಗುರು ನೋಡಿದವಳು, ಮನೆಯಲ್ಲಿ ಗಂಡನ ಉಗುರು ನೋಡಿರಲಿಲ್ಲ. ಇವತ್ತು ನೋಡಿದೆ.

ನೋಡದಿದ್ದುದಕ್ಕೆ ಕಾರಣವಿದೆ. ನಮ್ಮವರು, ಚನ್ನವೀರಪ್ಪನವರು, ಎಲೆಬಳ್ಳಿ ತೋಟದವರು. ವೀಳ್ಯದೆಲೆಯ ತೊಟ್ಟು ಚಿವುಟಲು ಬಲಗೈ ಹೆಬ್ಬೆರಳಿಗೆ ತಗಡಿನ ಉಗುರು ಹಾಕಿಕೊಳ್ಳುತ್ತಾರೆ. ಅದು ಜಾರಬಾರದೆಂದು ಒಳಗೆ ಬಟ್ಟೆಯ ಚಿಂದಿ ಸುತ್ತುತ್ತಾರೆ. ಮನೆಗೆ ಬಂದರೆ ತಗಡು ಗೂಡಿಗೆ ಹೋಗುತ್ತದೆ, ಚಿಂದಿ ಮಾತ್ರ ಬೆರಳಿಗೇ ಇರುತ್ತದೆ. ಉಣ್ಣುವಾಗಲೂ ಇರುತ್ತದೆ. ಬಿಚ್ಚಿ ಎಂದರೆ "ಇದು ಕೆಲಸದ ಕೈ, ಟೀಚರ" ಎನ್ನುತ್ತಾರೆ. ನನ್ನನ್ನು ಟೀಚರ ಎಂದು ಕರೆಯುವುದು ಗೌರವಕ್ಕಲ್ಲ, ಕೆಣಕುವುದಕ್ಕೆ.

ಇವತ್ತು ಚಿಂದಿ ಸಾರಿನಲ್ಲಿ ಅದ್ದಿಹೋಯಿತು, ಬಿಚ್ಚಲೇಬೇಕಾಯಿತು. ಉಗುರು ಬುಡದಿಂದ ತುದಿಯವರೆಗೆ ಕಪ್ಪಗಿದೆ. ಉಗುರಿನ ಹಿಂದಿನ ಚರ್ಮಕ್ಕೂ ಕಪ್ಪು ಇಳಿದಿದೆ. ಇದೇನು ಎಂದೆ.

"ಎಲಿ ಬಣ್ಣ. ಹೆಬ್ಬಟ್ಟ ಕರ್ರಗ ಇಲ್ಲದ ತ್ವಾಟದವಗ ಯಾರೂ ಹೆಣ್ಣ ಕೊಡೂದಿಲ್ಲ."

"ಹೆಣ್ಣ ಕೊಟ್ಟ ಇಪ್ಪತ್ತೇಳ ವರ್ಷ ಆತು. ಇನ್ನರ ತೊಳಕೋರಿ."

ಹುಣಸೆಹಣ್ಣು ಹಚ್ಚಿ ನಾನೇ ಉಜ್ಜಿದೆ. ಎಲೆಯ ಕರೆ ಹುಣಸೆಗೆ ಹೋಗುತ್ತದೆ. ಇದು ಹೋಗಲಿಲ್ಲ. ನೋವಿದೆಯಾ ಎಂದರೆ ಇಲ್ಲವಂತೆ. ಎಷ್ಟು ದಿನದಿಂದ ಎಂದರೆ, ಹೋದ ವರ್ಷದ ಹಿಂದಿನ ವರ್ಷವೋ ಏನೋ, ಮೊದಲು ಒಂದು ಗೆರೆ ಇತ್ತಂತೆ. ನನಗೆ ಹೇಳಲಿಲ್ಲವೇ ಎಂದರೆ, ಗೆರೆಯನ್ನು ಏನು ಹೇಳುವುದು ಎಂದರು.

ತೋಟದ ಸಂಗತಿ ನನಗೆ ಗೊತ್ತಾಗುವುದಾದರೂ ಹೇಗೆ. ಇವರ ಮನೆತನದಲ್ಲಿ ಹೆಂಗಸರು ಬಳ್ಳಿಗಳ ಸಾಲಿಗೆ ಕಾಲಿಡಬಾರದು. ಇಟ್ಟರೆ ಬಳ್ಳಿ ಮುನಿಸಿಕೊಳ್ಳುತ್ತದಂತೆ. ನಾನು ಬುತ್ತಿ ತಂದು ಬೇಲಿಯ ಬಾಗಿಲಿಗೆ ಸಿಗಿಸಿ ವಾಪಸ್ ಬರುತ್ತೇನೆ. ನನಗೇನೂ ಬೇಜಾರಿಲ್ಲ. ಬಳ್ಳಿಗಳಿಗೆ ಅವರಿದ್ದಾರೆ, ನನಗೆ ಮಕ್ಕಳಿದ್ದಾರೆ.

ಜನವರಿ ೧೬, ಗುರುವಾರ

ಸಂಕ್ರಾಂತಿಗೆ ಮಗಳು ಮಂಜುಳಾ ಅಕ್ಕಿಆಲೂರಿನಿಂದ ಬಂದಿದ್ದಳು. ಎಳ್ಳುಬೆಲ್ಲ ಕೊಡುವ ನೆವದಲ್ಲಿ ಅಪ್ಪನ ಕೈ ಹಿಡಿದು ಚಿಂದಿ ಬಿಚ್ಚಿಯೇಬಿಟ್ಟಳು. "ಅಪ್ಪಾ, ನಾಳೆನ ದವಾಖಾನಿಗೆ ಹೋಗಿ ಬಾ" ಎಂದಳು. ಅಪ್ಪ ಹೂಂ ಎಂದರು.

ಹೋದರು ಕೂಡ. ಆದರೆ ಮಾಸೂರಿಗೆ. ಹಿರೇಕೆರೂರು ತಾಲೂಕಿನ ಆ ಊರಲ್ಲಿ ಮೈಲಾರಿ ಎಂಬ ನಾಟಿ ವೈದ್ಯರಿದ್ದಾರೆ, ಇವರ ದೋಸ್ತರು. ಅವರು ಕಣ್ಣು ಕಿರಿದು ಮಾಡಿ ನೋಡಿ, ಇದು ಉಗುರುಸುತ್ತು, ಲಿಂಬೆಹಣ್ಣು ಸಿಗಿಸಿಕೋ ಎಂದರಂತೆ. ಹಾಗಾಗಿ ನಮ್ಮ ಯಜಮಾನರು ಎರಡು ದಿನದಿಂದ ಹೆಬ್ಬೆರಳಿಗೆ ಲಿಂಬೆಹಣ್ಣು ಹಾಕಿಕೊಂಡು ಕಟ್ಟೆಯ ಮೇಲೆ ಕೂತಿದ್ದಾರೆ. ಹೋಗಿಬರುವವರೆಲ್ಲ ಮಾತಾಡಿಸುತ್ತಾರೆ. ಇವರ ಜೊತೆ ಎಲೆ ಕೊಯ್ಯುವ ತನ್ವೀರ, "ಅಣ್ಣಾರ, ಉಪ್ಪ ತರಲೇನ್ರಿ" ಎಂದು ಕೇಳಿ ಹೋದ.

ನಾನೂ ನಕ್ಕೆ. ನಕ್ಕಿದ್ದು ಸರಿಯಲ್ಲ ಎಂದು ಆಮೇಲೆ ಅನ್ನಿಸಿತು.

ಜನವರಿ ೨೮, ಮಂಗಳವಾರ

ಲಿಂಬೆಹಣ್ಣಿನ ಜೊತೆ ಅರ್ಧ ಉಗುರೂ ಕಿತ್ತು ಬಂತು. ರಕ್ತ ನಿಲ್ಲಲಿಲ್ಲ. ಆಗ ಹೊರಟರು ಹುಬ್ಬಳ್ಳಿಗೆ.

ಬಸ್ಸಿನಲ್ಲಿ ನನಗೆ ಫ್ರೀ, ಅವರಿಗೆ ಟಿಕೆಟ್. "ರೋಗ ನಂದು, ಸವಲತ್ತ ನಿಂದು" ಎಂದು ಶಿಗ್ಗಾಂವಿಯವರೆಗೂ ಗೊಣಗಿದರು.

ಡಾಕ್ಟರು ಹೆಣ್ಣುಮಗಳು, ಮಂಜುಳಾಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಬೆರಳನ್ನು ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದರು. ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸುತ್ತೇವೆ ಎಂದರು. ಚೂರು ಎಂದರೆ ಎಷ್ಟು ಎಂದು ಇವರು ಚೌಕಾಸಿಗೆ ಇಳಿದರು.

ಹೊರಗೆ ಬೆಂಚಿನ ಮೇಲೆ ಒಬ್ಬ ಅಜ್ಜಿ ಸಿಕ್ಕಳು. ಫಕ್ಕೀರವ್ವ, ದುಂಡಸಿಯವಳು. ಮಗ ಶಿವಾನಂದ ಜೊತೆಗಿದ್ದ. ಅವಳ ಹಿಮ್ಮಡಿಯಲ್ಲಿ ಒಂದು ಕಪ್ಪು ಚುಕ್ಕೆ ಎದ್ದಿತ್ತಂತೆ. ಮುಳ್ಳು ಮುರಿದು ಒಳಗೇ ಉಳಿದಿದೆ ಎಂದು ಎರಡು ವರ್ಷ ಪಿನ್ನು ಹಾಕಿ ಕೆದರಿದ್ದಾಳೆ. ಎಕ್ಕೆಯ ಹಾಲು ಬಿಟ್ಟಿದ್ದಾಳೆ. ಈಗ ಹಿಮ್ಮಡಿ ಪೂರ್ತಿ ಹುಣ್ಣು, ತೊಡೆಯ ಸಂದಿಯಲ್ಲಿ ಗಂಟು.

"ಮುಳ್ಳಾಗಿದ್ರ ಒಂದಿಲ್ಲೊಂದ ದಿನ ಬರಬೇಕಲ್ಲವಾ" ಎಂದಳು. "ಬರಲಿಲ್ಲ. ಹಠಮಾರಿ ಮುಳ್ಳ ಅಂತ ನಾನೂ ಹಠ ಮಾಡಿದೆ."

ನಮ್ಮವರು ಅವಳ ಪಕ್ಕ ಕೂತು ಇಡೀ ಮಧ್ಯಾಹ್ನ ಹರಟೆ ಹೊಡೆದರು. ಅವಳು ಇವರ ಹತ್ತಿರ ಎರಡು ಎಲೆ ಇಸಿದುಕೊಂಡು ಹಲ್ಲಿಲ್ಲದ ಬಾಯಿಗೆ ಇಟ್ಟುಕೊಂಡಳು. ಮುದುಕಿಗೆ ನನ್ನ ನಂಬರನ್ನೂ ಕೊಟ್ಟರು, ನನ್ನನ್ನು ಕೇಳದೆ.

ಫೆಬ್ರವರಿ ೧೦, ಸೋಮವಾರ

ರಿಪೋರ್ಟು ಬಂದಿದೆ. ಮೆಲನೋಮಾ ಎಂದು ಹೆಸರು. ಚರ್ಮದ ಕ್ಯಾನ್ಸರು.

ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಬಿಳಿ ಚರ್ಮದ ಜನಕ್ಕೆ ಇದು ಬಿಸಿಲು ಬೀಳುವ ಕಡೆ ಬರುತ್ತದೆ. ನಮ್ಮ ಜನಕ್ಕೆ ಬರುವುದೇ ಕಡಿಮೆ, ಬಂದರೆ ಅಂಗಾಲು, ಅಂಗೈ, ಉಗುರಿನ ಬುಡ. "ಅಂದ್ರ ಯಾರೂ ನೋಡದ ಜಾಗಾರಿ. ಮತ್ತ ನೋವಿರೂದಿಲ್ಲ. ಮುಳ್ಳ ಅಂತಾರ, ಆಣಿ ಅಂತಾರ, ಪೆಟ್ಟ ಬಿದ್ದ ರಕ್ತ ಅಂತಾರ. ಈ ಬ್ಯಾನಿ ತೆಳ್ಳಗ ಇದ್ದಾಗ ಬಂದವರು ತಿರುಗಿ ಹೊಲಕ್ಕ ಹೋಗ್ಯಾರ. ದಪ್ಪ ಆದಮ್ಯಾಲೆ ಬಂದವರದು ನಮ್ಮ ಕೈಯಾಗ ಅಷ್ಟ ಇರೂದಿಲ್ಲ."

"ನಂದು ತೆಳ್ಳಗೈತೋ ದಪ್ಪ ಐತೋ?"

"ನಡು ಐತ್ರಿ. ಅದಕ್ಕ ಲಗೂ ಮಾಡಬೇಕು. ಹೆಬ್ಬೆರಳ ತಗೀಬೇಕು, ಕಂಕುಳದ ಗಂಟನ್ನೂ ಒಂದ ತಗದ ನೋಡಬೇಕು. ಮುಂದಿನ ವಾರ ಬರ್ರಿ."

ನಮ್ಮವರು ಹೂಂ ಎಂದರು. ಆ ಹೂಂ ನನಗೆ ಗೊತ್ತು. ಹೊರಗೆ ಬೆಂಚಿನ ಮೇಲೆ ಮತ್ತೆ ಸಿಕ್ಕ ಫಕ್ಕೀರವ್ವನಿಗೆ, ಬಟ್ಟು ಕೇಳ್ಯಾರ ಎಂದಷ್ಟೇ ಹೇಳಿ ಹೊರಟರು.

ಬಸ್ಸಿನಲ್ಲಿ ಅವರು ಏನೂ ಗೊಣಗಲಿಲ್ಲ. ಅದಕ್ಕೇ ನನಗೆ ಭಯವಾಯಿತು. ಮನೆಗೆ ಬಂದು ಜೋಳದ ಹಿಟ್ಟು ನಾದುತ್ತಾ ಅತ್ತುಬಿಟ್ಟೆ. ರೊಟ್ಟಿಗೆ ಉಪ್ಪು ಹೆಚ್ಚಾಗಿದೆ ಎಂದರು.

ಫೆಬ್ರವರಿ ೧೨, ಬುಧವಾರ

ಹೋಗುವುದಿಲ್ಲವಂತೆ. ಅಂದರೆ ಹೋಗುತ್ತಾರಂತೆ, ಈಗಲ್ಲ. ಎಲೆ ಬಲಿತು ನಿಂತಿದೆ, ಇದೊಂದು ಕೊಯ್ಲು ಮುಗಿಯಲಿ. ಆಮೇಲೆ ಶಿವರಾತ್ರಿ. ಆಮೇಲೆ ಬಳ್ಳಿ ಇಳಿಸಿ ಕಟ್ಟಬೇಕು. ಕ್ಯಾಲೆಂಡರಿನಲ್ಲಿ ಬೆರಳು ಕೊಡಲು ಒಳ್ಳೆಯ ದಿನ ಒಂದೂ ಇಲ್ಲ.

"ತನ್ವೀರ ಕೊಯ್ತಾನ" ಎಂದೆ.

"ತನ್ವೀರಗ ಮೂರ ತ್ವಾಟ ಅದಾವ. ಅವ ಅರ್ಧ ಕೊಯ್ತಾನ. ಉಳಿದದ್ದು? ಹಾದಿಯಾಗಿನವರನ್ನ ಕರದ್ರ ಬಳ್ಳಿ ಜಗ್ಗತಾರ. ಮನಿ ಕೈ ಬೇಕು, ಟೀಚರ. ನನ್ನ ಬಿಟ್ರ ಈ ಮನ್ಯಾಗ ಯಾರದಾರ?"

"ನಾ ಇಲ್ಲೇನು?"

ಜೋರಾಗಿ ನಕ್ಕರು. "ನೀ ಒಂದ ಕಟ್ಟ ಎಲಿ, ಒಂದೂ ಹರಿಯದಂಗ ಕೊಯ್ದ ತೋರಸು. ಅವತ್ತ ಹೆಬ್ಬಟ್ಟ ಡಾಕ್ಟರಗ ಕೊಡ್ತೇನಿ."

ಬಾಯಿಗೆ ಬಂದದ್ದು ಅಂದುಬಿಟ್ಟರು. ನಾನು ಬಿಡುವವಳೇ. ಆಣೆ ಮಾಡಿ ಎಂದೆ. ಮಾಡಿದರು. ಮಾಡಿದ ಮೇಲೆ ಹೆಂಗಸರು ತೋಟಕ್ಕೆ ಬರಬಾರದು ಎಂಬುದು ನೆನಪಾಯಿತು. ಬಳ್ಳಿ ಮುನಿಸಿಕೊಂಡರೆ ನಾನು ಮಾತಾಡಿಸುತ್ತೇನೆ, ಮುನಿಸಿಕೊಂಡವರನ್ನು ಸಂಭಾಳಿಸುವುದು ನನಗೆ ರೂಢಿಯಿದೆ ಎಂದೆ.

ಫೆಬ್ರವರಿ ೧೩, ಗುರುವಾರ

ಹೋದೆ. ಬೆಳಕು ಹರಿಯುವ ಹೊತ್ತಿಗೆ ಬೇಲಿಯ ಹತ್ತಿರ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟೆ. ನೆಲ ತಣ್ಣಗಿತ್ತು. ಚೊಗಚೆ ಗಿಡಗಳಿಗೆ ಬಳ್ಳಿಗಳು ಹಬ್ಬಿ ಮೇಲೆ ನೆರಳು ಕಟ್ಟಿವೆ. ಇಷ್ಟು ತಂಪು ಜಾಗ ಇಟ್ಟುಕೊಂಡು ಈ ಮನುಷ್ಯ ಮನೆಗೆ ಬಂದು ಸೆಕೆ ಎನ್ನುತ್ತಿದ್ದರಲ್ಲ.

ತನ್ವೀರ ನನ್ನನ್ನು ಕಂಡು ಕೆಲಸ ನಿಲ್ಲಿಸಿದ. ಆಮೇಲೆ "ಬರ್ರಿ ಅಕ್ಕಾರ" ಎಂದು ಬೇರೆ ಸಾಲಿಗೆ ಹೋದ.

ತಗಡಿನ ಉಗುರು ನನ್ನ ಹೆಬ್ಬೆರಳಿಗೆ ದೊಡ್ಡದು. ಚಿಂದಿ ಇನ್ನೆರಡು ಸುತ್ತು ಬೇಕಾಯಿತು. ಮೊದಲ ಎಲೆ ಹರಿಯಿತು. ಎರಡನೆಯದು ತೊಟ್ಟಿಲ್ಲದೆ ಬಂತು. ಮೂರನೆಯದರ ಜೊತೆ ಕುಡಿಯೂ ಬಂತು. ಕುಡಿ ಕಿತ್ತದ್ದು ನೋಡಿ ಅವರಿಗೆ ಬೆರಳಿನ ರಿಪೋರ್ಟಿಗಿಂತ ಹೆಚ್ಚು ದುಃಖವಾಯಿತು.

ಫೆಬ್ರವರಿ ೧೯, ಬುಧವಾರ

ಜಗ್ಗಬಾರದು, ಚಿವುಟಬೇಕು. ಎಡಗೈ ಬಳ್ಳಿಗೆ ಆಸರೆ, ಬಲಗೈ ಎಲೆಗೆ. ಎಳೆಯದನ್ನು ಮುಟ್ಟಬಾರದು, ಬಲಿತದ್ದನ್ನು ಬಿಡಬಾರದು. ಇಷ್ಟನ್ನು ಹೇಳಲು ಅವರಿಗೆ ಒಂದು ವಾರ ಬೇಕಾಯಿತು. ನಾನು ಮಕ್ಕಳಿಗೆ ಒಂದು ದಿನದಲ್ಲಿ ಹೇಳಿಕೊಡುತ್ತಿದ್ದೆ. ಮೇಷ್ಟ್ರು ಸರಿಯಿಲ್ಲ ಎಂದೆ. ವಿದ್ಯಾರ್ಥಿಗೆ ವಯಸ್ಸಾಗಿದೆ ಎಂದರು.

ಒಂದು ಗುಟ್ಟು ಗೊತ್ತಾಯಿತು. ಇವರು ಬಳ್ಳಿಗಳನ್ನು ನಮ್ಮ ನೆಂಟರ ಹೆಸರಿನಿಂದ ಬೈಯುತ್ತಾರೆ. ಬಾವಿಯ ಹತ್ತಿರ ಎಷ್ಟು ನೀರು ಕುಡಿದರೂ ಎಲೆ ಬಿಡದ ಬಳ್ಳಿ ನನ್ನ ಸೋದರಮಾವ. ಗಾಳಿ ಬಂದರೆ ಸಾಕು ಬಿಚ್ಚಿಕೊಂಡು ಬೀಳುವುದು ಇವರ ತಂಗಿ. ನನ್ನದು ಯಾವುದು ಎಂದು ಕೇಳಿದೆ. ಕಟ್ಟಿದ ಕಡೆ ನಿಲ್ಲದೆ ಗಿಡದ ತಲೆ ದಾಟಿ ಹೋಗಿರುವ ಒಂದನ್ನು ತೋರಿಸಿದರು. ಎಲೆ ಹೇಗಿದೆ ಎಂದೆ. "ಖಾರ ಐತಿ. ಆದ್ರ ಮಾರಾಕ ಕೊಡೂದಿಲ್ಲ, ಮನಿಗೆ ಇಟ್ಕೋತೇನಿ" ಎಂದರು.

ಮದುವೆಯಾದಂದಿನಿಂದ ಇವರು ನನ್ನ ಹತ್ತಿರ ಇಷ್ಟು ಮಾತಾಡಿದ್ದು ಇಲ್ಲ. ಮನೆಯಲ್ಲಿ ನಮ್ಮ ಮಾತು ಪಲ್ಯ ಏನು ಎಂಬಲ್ಲಿಗೆ ಮುಗಿಯುತ್ತಿತ್ತು. ಅಂಗನವಾಡಿಗೆ ಇವತ್ತು ತಡವಾಗಿ ಹೋದೆ. ಆಯಾ ಮುಖ ನೋಡಿದಳು, ಕೈ ಕರ್ರಗಾಗಿದೆ ಎಂದಳು. ಎಲೆ ಬಣ್ಣ, ಹೋಗುತ್ತದೆ ಎಂದೆ.

ಫೆಬ್ರವರಿ ೨೭, ಗುರುವಾರ

ನಿನ್ನೆ ಶಿವರಾತ್ರಿ. ಉಪವಾಸವಿದ್ದುಕೊಂಡೂ ತೋಟಕ್ಕೆ ಹೋದೆವು. ಬಳ್ಳಿಗೇನು ಉಪವಾಸ ಗೊತ್ತೇ.

ಕಟ್ಟಿನಲ್ಲಿ ಹರಿದ ಎಲೆ ಈಗ ಅಲ್ಲೊಂದು ಇಲ್ಲೊಂದು. ಅವರು ಕಟ್ಟಿನ ಬಾಳೆನಾರು ಬಿಚ್ಚಿ, ಒಂದೊಂದೇ ಎಲೆ ತಿರುವಿ, ಸಿಕ್ಕ ಒಂದು ಹರಕನ್ನು ಎತ್ತಿ ತೋರಿಸಿ "ನಪಾಸು" ಎನ್ನುತ್ತಾರೆ. ಅದೂ ಹರಿದಿರಲಿಲ್ಲ, ಹುಳು ತಿಂದದ್ದು. ಜಗಳವಾಡಿದೆ. ಜಗಳವಾಡುತ್ತಲೇ ಇಬ್ಬರೂ ನಕ್ಕು ತನ್ವೀರನ ಎದುರು ಮರ್ಯಾದೆ ಕಳೆದುಕೊಂಡೆವು.

ಅವರ ಬೆರಳಿನಿಂದ ಒಂದೊಂದು ಸಲ ವಾಸನೆ ಬರುತ್ತದೆ. ನಾನೇ ತೊಳೆದು ಕಟ್ಟುತ್ತೇನೆ.

ಮಂಜುಳಾ ಫೋನಿನಲ್ಲಿ ಸಿಟ್ಟು ಮಾಡಿದಳು. "ಅವ್ವಾ, ಆಪರೇಶನ್ ಯಾವಾಗ? ಡಾಕ್ಟರು ಒಂದ ವಾರ ಅಂದಿದ್ರಲ್ಲ?" ಕಲಿಯುತ್ತಿದ್ದೇನೆ, ಆಣೆಯಾಗಿದೆ, ಇನ್ನು ಸ್ವಲ್ಪವೇ ಉಳಿದಿದೆ ಎಂದೆ. "ನಿಮಗಿಬ್ಬರಿಗೂ ತಲಿ ಕೆಟ್ಟೈತಿ" ಎಂದು ಫೋನಿಟ್ಟಳು. ಅಕ್ಕಿ ಮಿಲ್ಲಿನ ಮನೆಗೆ ಸೊಸೆಯಾಗಿ ಹೋದವಳಿಗೆ ಎಲೆಯ ಕೆಲಸ ಹೇಗೆ ತಿಳಿಯಬೇಕು.

ಮಾರ್ಚ್ ೫, ಬುಧವಾರ

ಪಾಸಾದೆ.

ಒಂದೂ ಹರಕಿಲ್ಲ, ಒಂದೂ ಹುಳುಕಿಲ್ಲ. ಎರಡು ಸಲ ತಿರುವಿ ನೋಡಿದರು. ಆಮೇಲೆ ಕಟ್ಟನ್ನು ಕೈಯಲ್ಲಿ ಹಿಡಿದು ಕೂತರು. ಕಟ್ಟೆಯ ಮೇಲೆ, ನೀರು ಹರಿಯುವ ಕಾಲುವೆಯ ಪಕ್ಕ. "ಆತಲ್ಲ, ಟೀಚರ. ಹೋಗೂಣು. ಕೊಟ್ಟ ಮಾತ ಕೊಟ್ಟಂಗ" ಎಂದರು. ಅವರ ಧ್ವನಿಯಲ್ಲಿ ತಮಾಷೆ ಇರಲಿಲ್ಲ. ಹೆದರಿದ್ದಾರೆ ಎಂದು ಆಗ ಗೊತ್ತಾಯಿತು.

ಆದರೆ ಬಾವಿಯ ಕಡೆಯ ನಾಲ್ಕು ಸಾಲು ಬಲಿತು ನಿಂತಿವೆ. ಬಿಟ್ಟುಹೋದರೆ ಹಳದಿಯಾಗುತ್ತವೆ. ಬಂದ ಮೇಲೆ ಇವರು ತಿಂಗಳುಗಟ್ಟಲೆ ತೋಟಕ್ಕೆ ಬರುವಂತಿಲ್ಲ, ನಾನೂ ಇವರ ಸೇವೆಯಲ್ಲಿ ಇರಬೇಕು. "ಇದೊಂದು ಕೊಯ್ಲ ಮುಗೀಲಿ" ಎಂದೆ. ಅವರು ನನ್ನನ್ನೇ ನೋಡಿದರು. ಹೂಂ ಎಂದರು.

ಬೆಳಗಿನ ಬಿಸಿಲು ಎಲೆಗಳ ನಡುವೆ ಹಾದು ಅವರ ಬಿಳಿ ಗಡ್ಡದ ಮೇಲೆ ಬಿದ್ದಿತ್ತು. ಮುದುಕ ಚೆನ್ನಾಗಿ ಕಾಣುತ್ತಾರೆ, ಗಡ್ಡ ತೆಗೆದರೆ.

ಮಾರ್ಚ್ ೧೩, ಗುರುವಾರ

ಎಲೆ ದಲಾಲಿ ಮಹಾಲಿಂಗಪ್ಪನವರ ಅಂಗಡಿಗೆ ಇಬ್ಬರೂ ಹೋಗಿದ್ದೆವು. ಪೆಂಡಿ ಬಿಚ್ಚಿ, ಒಂದು ಕಟ್ಟು ಎತ್ತಿ, ತೊಟ್ಟುಗಳ ಮೇಲೆ ಅಂಗೈ ಆಡಿಸಿ ನೋಡಿದರು. "ಚನ್ನವೀರಪ್ಪಾರ, ವಯಸ್ಸಾತಂತ ಕೈ ಏನ ಕೆಟ್ಟಿಲ್ಲ ಬಿಡ್ರಿ. ಹೋದ ಸಲದಕಿಂತ ಛಲೋ ಕೊಯ್ದೀರಿ" ಎಂದರು.

ನಮ್ಮವರು ನನ್ನ ಕಡೆ ನೋಡದೆ, "ಹೌದ್ರಿ, ಈಗೀಗ ಕೈ ಕೂಡಾಕತ್ತೈತಿ" ಎಂದರು. ಅಂಗಡಿಯಿಂದ ಹೊರಗೆ ಬರುವವರೆಗೆ ನಗು ತಡೆದುಕೊಂಡು ನನಗೆ ಹೊಟ್ಟೆ ನೋವು ಬಂತು.

ದವಾಖಾನೆಯಿಂದ ಫೋನು ಬಂದಿತ್ತು, ಎರಡು ಸಲ. ಫೋನು ಮನೆಯಲ್ಲಿ ಬಿಟ್ಟಿದ್ದೆ. ನಾಳೆ ಮಾಡಿದರಾಯಿತು. ಹೇಗೂ ಯುಗಾದಿ ಹತ್ತಿರ ಬಂತು. ಹಬ್ಬದ ಮುಂದೆ ಎಲೆಗೆ ಬೇಡಿಕೆ ಇರುತ್ತದೆ, ಬಾವಿಯ ಕಡೆಯ ಸಾಲು ಇನ್ನೂ ಎರಡು ಉಳಿದಿವೆ, ಆಮೇಲೆ ಬಳ್ಳಿ ಇಳಿಸಿ ಕಟ್ಟಬೇಕು.

ಮಾರ್ಚ್ ೧೮, ಮಂಗಳವಾರ

ದುಂಡಸಿಯಿಂದ ಶಿವಾನಂದನ ಫೋನು. ಫಕ್ಕೀರವ್ವ ಹೋದಳಂತೆ, ಭಾನುವಾರ. ಪುಪ್ಪುಸಕ್ಕೆ ಇಳಿದಿತ್ತಂತೆ.

"ಎಲಿ ಅಜ್ಜಾಗ ಹೇಳಂದಿದ್ಲರಿ ಅವ್ವ" ಎಂದ. "ನನಗ ಕಾಲ ಕೇಳಿದ್ರು, ನಾ ತಡಾ ಮಾಡಿದೆ. ಅವಂಗ ಬಟ್ಟಷ್ಟ ಕೇಳ್ಯಾರ, ಕೊಟ್ಟನೋ ಇಲ್ಲೋ ಕೇಳಂದಿದ್ಲು. ಕೊಟ್ಟಾರೇನ್ರಿ?"

ನಾನು ತಗಡಿನ ಉಗುರು ಹಾಕಿಕೊಂಡೇ ಫೋನು ಹಿಡಿದಿದ್ದೆ. ಕೊಡುತ್ತಾರೆ ಎಂದೆ.

ಸಾಲು ಅರ್ಧಕ್ಕೆ ಬಿಟ್ಟೆ. ಅವರನ್ನು ಕರೆದುಕೊಂಡು ಮನೆಗೆ ಬಂದೆ. "ಇನ್ನ ಒಂದ ಸಾಲ ಐತಲ್ಲ" ಎಂದರು. ಹಾಳಾಗಲಿ ಎಂದೆ.

ಮಾರ್ಚ್ ೨೪, ಸೋಮವಾರ. ಹುಬ್ಬಳ್ಳಿ

ಆಯಿತು. ಬೆರಳು ತೆಗೆದರು. ಕಂಕುಳದಿಂದ ಗಂಟು ತೆಗೆದರು. ಮಲಗಿದ್ದಾರೆ.

ಮಾರ್ಚ್ ೨೫

ಮಂಜುಳಾ ಬಂದಿದ್ದಾಳೆ. ನನ್ನ ಜೊತೆ ಮಾತಾಡುತ್ತಿಲ್ಲ. ಅಪ್ಪನ ಜೊತೆ ಮಾತ್ರ ಮಾತು.

ಎಚ್ಚರವಾದ ಕೂಡಲೇ ಇವರು ನರ್ಸಮ್ಮನನ್ನು ಬೆರಳು ಎಲ್ಲಿ ಎಂದು ಕೇಳಿದರಂತೆ. ನಮ್ಮಲ್ಲಿ ಹೂಳುವ ಪದ್ಧತಿ, ಊರಿಗೆ ಒಯ್ದು ಅಪ್ಪನ ಗದ್ದಿಗೆಯ ಪಕ್ಕ ಇಡಬೇಕು ಎಂದರಂತೆ. ಪರೀಕ್ಷೆಗೆ ಹೋಗಿದೆ ಅಜ್ಜಾ, ಸಿಗುವುದಿಲ್ಲ ಎಂದರೆ, "ನನ್ನ ಬಿಟ್ಟ ಎಂದೂ ಒಂದ ದಿನ ಇದ್ದಿದ್ದಿಲ್ಲವಾ ಅದು" ಎಂದರಂತೆ. ಆ ಹುಡುಗಿ ನಗಬೇಕೋ ಅಳಬೇಕೋ ತಿಳಿಯದೆ ನನ್ನ ಹತ್ತಿರ ಬಂದಳು. ಎರಡನ್ನೂ ಮಾಡು, ನಾನು ಹಾಗೇ ಮಾಡುತ್ತೇನೆ ಎಂದೆ.

ಮಾರ್ಚ್ ೩೦, ಭಾನುವಾರ. ಯುಗಾದಿ

ಮನೆ. ಬೇವು ಬೆಲ್ಲವನ್ನು ಎಡಗೈಯಲ್ಲಿ ತಿಂದರು. ನಾಲ್ಕು ಬೆರಳಿನ ಬಲಗೈಯನ್ನು ಬ್ಯಾಂಡೇಜಿನ ಸಮೇತ ಹಬ್ಬಕ್ಕೆ ಬಂದವರಿಗೆಲ್ಲ ತೋರಿಸಿ, ಎಲ್ಲರ ಕೈ ಎಳೆದು ಉಗುರು ನೋಡಿದರು. ಆಮೇಲೆ ಕಾಲು ಎತ್ತಿ, ಅಂಗಾಲು ತೋರಿಸಿ ಎಂದರು. ಪಕ್ಕದ ಮನೆಯ ರಮಜಾನಬಿ ಬೇವು ಬೆಲ್ಲ ಇಸಿದುಕೊಳ್ಳಲು ಬಂದವಳು, "ಹಬ್ಬದ ದಿನ ಕಾಲ ಎತ್ತಸ್ತೀರಲ್ರಿ ಅಣ್ಣಾರ" ಎಂದು ನಾಚಿಕೊಂಡೇ ತೋರಿಸಿದಳು. ಏನೂ ಇರಲಿಲ್ಲ. ಹಿಮ್ಮಡಿ ಒಡೆದಿತ್ತು, ಅಷ್ಟೇ. ಎಣ್ಣೆ ಹಚ್ಚು ಎಂದು ಅವಳಿಗೂ ಉಪದೇಶವಾಯಿತು. ಸವಣೂರಿನಲ್ಲಿ ಇನ್ನು ಇಬ್ಬರು ಟೀಚರರು.

ತನ್ವೀರ ಆ ಸಾಲು ಮುಗಿಸಿದ್ದಾನೆ. ನಾನು ತೋಟಕ್ಕೆ ಹೋಗಿಲ್ಲ.

ಏಪ್ರಿಲ್ ೧೧, ಶುಕ್ರವಾರ

ಗಂಟಿನಲ್ಲಿ ಇದೆ.

ಬಹಳ ಇಲ್ಲವಂತೆ, ಒಂದು ಚುಕ್ಕೆ. ಸೂಕ್ಷ್ಮದರ್ಶಕದಲ್ಲಿ ಹುಡುಕಿದರೆ ಸಿಗುವಷ್ಟು. ಬೇರೆಲ್ಲೂ ಕಂಡಿಲ್ಲ. ಸ್ಕ್ಯಾನು ಚೆನ್ನಾಗಿದೆ. ಆದರೆ ಗಂಟಿಗೆ ಬಂದಿದೆ ಎಂದರೆ ದಾರಿ ಸಿಕ್ಕಿದೆ ಎಂದರ್ಥ. ಔಷಧ ಏರಿಸಬೇಕು, ಮೂರು ತಿಂಗಳಿಗೊಮ್ಮೆ ಬರಬೇಕು. ಬಹಳ ವರ್ಷ ಬದುಕಿದವರಿದ್ದಾರೆ, ಬದುಕದವರೂ ಇದ್ದಾರೆ ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ಹೇಳಿದರು.

ಇವರು ಔಷಧದ ಚೀಟಿ ಹಿಡಿದು ಹೊರಗೆ ಹೋದ ಮೇಲೆ ನಾನು ಒಬ್ಬಳೇ ಒಳಗೆ ನಿಂತೆ. ಕೇಳಲೇಬೇಕಿತ್ತು.

"ಡಾಕ್ಟರ, ನೀವು ಫೆಬ್ರವರಿಯಾಗ ಬರ್ರಿ ಅಂದಿದ್ರಿ. ನಾವು ಮಾರ್ಚ್ ಕಡೀಕ ಬಂದ್ವಿ. ಆವಾಗ ಬಂದಿದ್ರ ಗಂಟಿನಾಗ ಇರತಿದ್ದಿಲ್ಲೇನ್ರಿ?"

ಅವರು ಪೆನ್ನು ಕೆಳಗಿಟ್ಟರು. "ಹೇಳಾಕ ಬರೂದಿಲ್ರಿ. ಆವಾಗನ ಇತ್ತೋ ಏನೋ. ಎರಡ ವರ್ಷದ ಬ್ಯಾನಿ ಅದು."

"ಇರಲಿಕ್ಕಿಲ್ಲ ಅಂತನೂ ಹೇಳಾಕ ಬರೂದಿಲ್ಲಲ್ರಿ?"

"ಇಲ್ರಿ" ಎಂದರು. ಒಳ್ಳೆಯ ಹುಡುಗಿ, ಸುಳ್ಳು ಹೇಳಲಿಲ್ಲ. ಹೇಳಬಹುದಿತ್ತು.

ಬಸ್ಸಿನಲ್ಲಿ ಕಿಟಕಿಯ ಕಡೆ ಅವರನ್ನು ಕೂರಿಸಿದೆ. ಶಿಗ್ಗಾಂವಿ ದಾಟಿದ ಮೇಲೆ ಅವರೇ ಶುರು ಮಾಡಿದರು.

"ಒಳಗ ಏನ ಕೇಳಿದಿ ಅಂತ ನನಗ ಗೊತ್ತೈತಿ."

ನಾನು ಔಷಧದ ಚೀಟಿ ಮಡಚಿ ಚೀಲಕ್ಕೆ ಹಾಕಿದೆ.

"ಅವತ್ತ ಪಾಸಾದಾಗ ನಾ ಹೋಗೂಣು ಅಂದೆ. ನೀ ಇದೊಂದ ಕೊಯ್ಲ ಅಂದಿ. ನನಗೂ ಅದ ಬೇಕಾಗಿತ್ತು. ಬ್ಯಾಡ ಅನ್ನಬೇಕಿತ್ತು, ಅನ್ನಲಿಲ್ಲ."

"ಬಿಡ್ರಿ ಈಗ."

"ಬಿಡೂದಿಲ್ಲ. ಕೇಳಿಲ್ಲೆ. ಇಪ್ಪತ್ತೇಳ ವರ್ಷ ಬೇಲಿ ಹತ್ರ ಬುತ್ತಿ ಇಟ್ಟ ಹೋಗಾಕಿ ನೀನು. ನೀ ಪಾಸಾದ ಮ್ಯಾಲಿನ ಆ ಎರಡ ವಾರ ವಾಪಸ್ ಕೊಡು, ಗಂಟ ಚೊಕ್ಕ ಮಾಡ್ತೇನಿ ಅಂತ ದೇವರ ಬಂದ ಕೇಳಿದರೂ ನಾ ಕೊಡೂದಿಲ್ಲ. ನಿನಗ ಹೇಳೇನಿ, ತಿಳೀತಿಲ್ಲೋ?"

ತಿಳಿಯಿತು ಎಂದು ತಲೆಯಾಡಿಸಿದೆ. ಅವರಿಗೆ ಸಮಾಧಾನವಾಯಿತು. ಸ್ವಲ್ಪ ಹೊತ್ತಿನಲ್ಲಿ ನನ್ನ ಹೆಗಲಿಗೆ ಒರಗಿ ನಿದ್ದೆ ಹೋದರು, ಬಾಯಿ ತೆರೆದುಕೊಂಡು. ಕಂಡಕ್ಟರು ಟಿಕೆಟ್ಟಿಗೆ ಎಬ್ಬಿಸಲು ಬಂದ. ಬೇಡ, ಮಲಗಲಿ ಎಂದು ಅವರ ಟಿಕೆಟ್ಟಿನ ದುಡ್ಡು ನಾನೇ ಕೊಟ್ಟೆ.

ಆ ನಾಲ್ಕು ಬೆರಳಿನ ಕೈ ನನ್ನ ಮಡಿಲಲ್ಲಿತ್ತು. ಅವರು ಕೊಡುವುದಿಲ್ಲವಂತೆ. ನಾನಾದರೆ ಕೊಟ್ಟುಬಿಡುತ್ತಿದ್ದೆ. ತೋಟದ ಒಂದೊಂದು ಮುಂಜಾವನ್ನೂ, ನಕ್ಕದ್ದನ್ನೂ, ಪಾಸಾದದ್ದನ್ನೂ ಕೊಟ್ಟು, ಮತ್ತೆ ಬೇಲಿಗೆ ಬುತ್ತಿ ಸಿಗಿಸಿ ಮಾತಿಲ್ಲದೆ ವಾಪಸ್ ಬರುವವಳಾಗಿ ಉಳಿಯುತ್ತಿದ್ದೆ, ಅವರು ಒಳಗೆ ಇದ್ದರೆ ಸಾಕು. ಇದನ್ನು ಅವರಿಗೆ ಹೇಳಲಿಲ್ಲ. ಹೇಳುವುದೂ ಇಲ್ಲ.